ಎಫ್‌ಎಸ್‌ಎಕ್ಸ್ ಸೆಸ್ನಾ 172: ಮೂತಿ ಜಿಗಿತ ತಗ್ಗಿಸೋದು ಹೇಗೆ?

ಪ್ರಶ್ನೆ: ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ (ಎಫ್‌ಎಸ್‌ಎಕ್ಸ್) ಆಟದ ಸೆಸ್ನಾ 172 ವಿಮಾನದಲ್ಲಿ ಯೋಕ್ (ಚುಕ್ಕಾಣಿ) ಚೂರು ಎಳೆದರೂ ಮೂತಿ ಜಿಗಿಯುತ್ತೆ. ಇಳಿಸುವಾಗ ರನ್‌ವೇ ಮೇಲೆ ತೇಲ್ತಾನೇ ಹೋಗುತ್ತೆ. ಎಲ್ಲಿ ತಿದ್ದಬೇಕು?

ಉತ್ತರ 1: ವಿಮಾನದ ಸೆಟ್ಟಿಂಗ್‌ಗಳಿರೋ ಏರ್‌ಕ್ರಾಫ್ಟ್ ಸಿಎಫ್‌ಜಿ (aircraft.cfg) ಫೈಲಿನ ಕಾಪಿ ಎತ್ತಿಟ್ಟು ನೋಟ್‌ಪ್ಯಾಡಲ್ಲಿ ತೆರೆಯಿರಿ. 'ಫ್ಲೈಟ್ ಟ್ಯೂನಿಂಗ್' ಭಾಗದಲ್ಲಿ ಎಲಿವೇಟರ್ ಎಫೆಕ್ಟಿವ್‌ನೆಸ್ (ಮೂತಿ ಏಳಿಸಿ ಇಳಿಸೋ ಬಾಲದ ಪಟ್ಟಿಯ ಪ್ರಭಾವ) 1.0 ಇದ್ದರೆ 0.85 ಮಾಡಿ, ವಿಮಾನ ಮತ್ತೆ ಲೋಡ್ ಮಾಡಿ ಹಾರಿಸಿ. ಸಾಲದಿದ್ದರೆ ಮಾತ್ರ ಪಿಚ್ ಸ್ಟೆಬಿಲಿಟಿ (ಮೂತಿಯ ಏರಿಳಿತದ ಸ್ಥಿರತೆ) ಮುಟ್ಟಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ತಿಳಿಯಲ್ಲ. ಎಲಿವೇಟರ್ ಸಂಖ್ಯೆ ಅತಿಯಾಗಿ ಇಳಿಸಿದರೆ ಫ್ಲೇರ್‌ಗೆ (ನೆಲ ಮುಟ್ಟೋ ಮುಂಚೆ ಮೂತಿ ಎತ್ತೋದಕ್ಕೆ) ಮೂತಿ ಏಳೋದೇ ಇಲ್ಲ.

ಉತ್ತರ 2: ತೇಲೋದಕ್ಕೆ ಫೈಲನ್ನು ಬೈಯೋ ಮೊದಲು ವೇಗ ನೋಡಿ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಪೂರ್ತಿ ಇಳಿಸಿದ್ದಾಗ 60–70 ನಾಟ್ ಸಾಕು. ಆಮೇಲೆ ಗ್ಲೈಡ್ ಅಳೆಯಿರಿ: ಗಾಳಿ ಸೊನ್ನೆ, ಫ್ಲ್ಯಾಪ್ ಪೂರ್ತಿ ಮೇಲೆತ್ತಿ, ಥ್ರಾಟಲ್ ಐಡಲ್ (ಎಂಜಿನ್ ಶಕ್ತಿ ಕನಿಷ್ಠ), 68 ನಾಟ್. 1000 ಅಡಿ ಇಳಿಯುವಷ್ಟರಲ್ಲಿ ಸುಮಾರು 1.5 ನಾಟಿಕಲ್ ಮೈಲಿ ಸಾಗಬೇಕು. ಜಾಸ್ತಿ ಹೋದರೆ ಅದೇ 'ಫ್ಲೈಟ್ ಟ್ಯೂನಿಂಗ್' ಭಾಗದ ಪ್ಯಾರಸೈಟ್ ಡ್ರ್ಯಾಗ್ ಸ್ಕೇಲರ್ (ಗಾಳಿಯ ಎಳೆತದ ಗುಣಕ) 1.05ಕ್ಕೆ ಏರಿಸಿ. ಕ್ರೂಸ್ (ಒಂದೇ ಎತ್ತರದಲ್ಲಿ ಸಾಗುವಾಗಿನ) ವೇಗವೂ ತಗ್ಗುತ್ತೆ, ಅದನ್ನೂ ಪರೀಕ್ಷಿಸಿ.