ಅಪ್‌ಡೇಟ್: 14 ಮಕ್ಕಳ ಜರ್ಮನಿ ಟಿಕೆಟ್ ಆಯ್ತು

ದಾವಣಗೆರೆಯಿಂದ 14 ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು ಓದಿಗಾಗಿ ಜರ್ಮನಿಗೆ ಹೋಗಬೇಕು, ಟಿಕೆಟ್ ಬಿಡಿಬಿಡಿಯಾಗಿ ಮಾಡಿಸೋದಾ, ಗುಂಪಾಗಿಯಾ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಗುಂಪಾಗಿಯೇ ಮಾಡಿಸಿದೆವು. ಹತ್ತು ಜನರಿದ್ದರೆ ಸಾಮಾನ್ಯವಾಗಿ ಗುಂಪು ಬುಕಿಂಗ್ ಸಿಗುತ್ತದೆ. ದರ ಜಾಸ್ತಿ ಇಳಿಯಲಿಲ್ಲ. ಆದರೆ ಮುಂಗಡ ಕಟ್ಟಿ ಸೀಟು ಹಿಡಿದು, ಹೆಸರುಗಳನ್ನು ಆಮೇಲೆ ಕೊಟ್ಟೆವು. ಇಬ್ಬರ ವೀಸಾ ತಡವಾಗಿತ್ತು, ಹೆಸರು ಆಮೇಲೆ ಕೊಡೋಕೆ ಆಗಿದ್ದೇ ನಮ್ಮನ್ನು ಉಳಿಸಿದ್ದು.

ಹೆಸರಿನ ಕೆಲಸಕ್ಕೇ ಎರಡು ಸಂಜೆ ಹೋಯಿತು. ನಮ್ಮ ಪಟ್ಟಿಯಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಒಬ್ಬಳದ್ದಂತೂ ಸರ್‌ನೇಮ್ ಜಾಗವೇ ಖಾಲಿ! ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರ ಓದಿಸಿದೆ.

ಒಬ್ಬ ಮೇಷ್ಟ್ರು ವಾರ ಮೊದಲೇ ವಾಪಸ್ ಬರಬೇಕು. ಅವರಿಗೆ ಬೇರೆ ಟಿಕೆಟ್. ದೇವನಹಳ್ಳಿ ಏರ್‌ಪೋರ್ಟ್‌ಗೆ ಇಲ್ಲಿಂದಲೇ ಬಸ್ ಹೇಳಿದ್ದೇವೆ. ತುಂಬಾ ಥ್ಯಾಂಕ್ಸ್.