ಗುಡ್ಡದ ಸೈಕಲ್ ಹಾದಿ ಮಳೆಗೆ ಕೊರೆದು ಹೋಗಿದೆ: ಮಣ್ಣು ತುಂಬೋದಾ, ಹಾದಿ ತಿರುಗಿಸೋದಾ?

ಎರಡುಚಕ್ರ:
ಚಿಕ್ಕಬಳ್ಳಾಪುರದಿಂದ ನಂದಿ ಕಡೆಗಿನ ಗುಡ್ಡಸಾಲಿನಲ್ಲಿ ಸುಮಾರು 2.5 ಕಿ.ಮೀ. ಮೌಂಟನ್ ಬೈಕ್ ಹಾದಿ ಇದೆ. ನಡುವಿನ 60 ಮೀಟರ್ ಗುಡ್ಡದಿಂದ ನೇರ ಕೆಳಗೆ ಇಳಿಯುತ್ತೆ, ಶೇ 25 ಇಳಿಜಾರು. ಅಕ್ಟೋಬರ್ ಮಳೆಗೆ ಅಲ್ಲಿ ಒಂದಡಿ ಆಳದ ಕೊರಕಲು ಬಿದ್ದಿದೆ. ಹೋದ ವರ್ಷ ಮಣ್ಣು ತುಂಬಿ ಅಡ್ಡಕ್ಕೆ ಮರದ ದಿಮ್ಮಿ ಹೂತಿದ್ದು ಎರಡೇ ಮಳೆಗೆ ಕಿತ್ತುಕೊಂಡು ಹೋಯ್ತು. ಅಕ್ಕಪಕ್ಕದ ಗುಡ್ಡದ ಮೈ ಶೇ 30ರಷ್ಟು ಓರೆ. ಗರಸು ಮಣ್ಣು, ಲಂಟಾನ ದಟ್ಟವಾಗಿದೆ. ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಕೆಲಸಕ್ಕೆ 12 ಜನ ಸ್ವಯಂಸೇವಕರು ಸಿಗ್ತಾರೆ. ಜೆಸಿಬಿ ತರಲ್ಲ. ಮತ್ತೆ ತುಂಬೋದಾ, ಹೊಸ ಹಾದಿ ಕಡಿಯೋದಾ?

ನೀರಿನಮಟ್ಟ:
ತುಂಬಬೇಡಿ. ಶೇ 25ರಲ್ಲಿ ನೇರ ಇಳಿಯೋ ಹಾದಿ ನೀರಿಗೆ ಕಾಲುವೆ ಇದ್ದ ಹಾಗೆ, ಎಷ್ಟು ಬಂಡಿ ಮಣ್ಣು ಹಾಕಿದರೂ ಕೆಳಗಿನ ಕೆರೆಗೆ ಹೂಳಾಗಿ ಸೇರುತ್ತೆ. ದಿಮ್ಮಿಯ ಹಿಂದೆ ಒಂದೇ ಮಳೆಗೆ ಹೂಳು ತುಂಬುತ್ತೆ, ಎರಡನೇ ಮಳೆಯ ನೀರು ದಿಮ್ಮಿ ಹತ್ತಿ ಆ ಕಡೆ ಧುಮುಕಿ ಬುಡ ಕೊರೆಯುತ್ತೆ. ನಿಮ್ಮಲ್ಲಿ ಆಗಿರೋದೂ ಅದೇ.

ಹಾದಿಯ ಇಳಿಜಾರು ಗುಡ್ಡದ ಓರೆಯ ಅರ್ಧಕ್ಕಿಂತ ಹೆಚ್ಚಿರಬಾರದು. ಮೈ ಶೇ 30 ಇದ್ದರೆ ಹಾದಿಗೆ ಶೇ 15 ಮಿತಿ, ಆದರೆ ಗರಸಿನಲ್ಲಿ ಶೇ 10 ದಾಟದಿದ್ದರೆ ಒಳ್ಳೆಯದು. ಈಗಿನ 60 ಮೀಟರಿನಲ್ಲಿ ಸುಮಾರು 15 ಮೀಟರ್ ಎತ್ತರ ಇಳೀತಿದೀರಿ. ಅದೇ ಎತ್ತರವನ್ನ ಶೇ 10ರಲ್ಲಿ ಇಳಿಸಬೇಕಂದ್ರೆ 150 ಮೀಟರ್ ಹೊಸ ಹಾದಿ ಬೇಕು.

ಗೆರೆ ಹಾಕೋಕೆ ಗಾರೆಯವರ ನೀರಿನ ಟ್ಯೂಬ್ ಸಾಕು, ಫೋನಿನ ಆ್ಯಪಿಗಿಂತ ನಂಬಬಹುದು. ಐದು ಮೀಟರಿಗೊಂದು ಗೂಟ, ಒಂದರಿಂದ ಇನ್ನೊಂದಕ್ಕೆ 50 ಸೆಂ.ಮೀ. ಇಳಿತ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದರೆ ಅಳತೆ ಕೆಡುತ್ತೆ, ಪ್ರತಿ ಸಲ ಎರಡೂ ತುದಿ ಪಕ್ಕಪಕ್ಕ ಹಿಡಿದು ನೀರು ಸಮ ಇದೆಯಾ ನೋಡಿ. ಪ್ರತಿ 10–15 ಮೀಟರಿಗೆ ಒಂದು ಕಡೆ ಹಾದಿಯನ್ನ ಮೂರು–ನಾಲ್ಕು ಮೀಟರ್ ಉದ್ದಕ್ಕೆ 30 ಸೆಂ.ಮೀ.ನಷ್ಟು ಮೇಲಕ್ಕೆ ಹತ್ತಿಸಿ ಮತ್ತೆ ಇಳಿಸಿ. ಹತ್ತೋ ಮೊದಲು ಸಿಗೋ ತಗ್ಗಿನಲ್ಲಿ ನೀರು ಹಾದಿ ಬಿಟ್ಟು ಹೊರಗೆ ಹೋಗುತ್ತೆ. ಇದನ್ನ ಗೂಟ ಹೊಡೆಯುವಾಗಲೇ ಸೇರಿಸಿ, ಆಮೇಲೆ ಮಣ್ಣು ಪೇರಿಸಿ ಮಾಡಿದ ಉಬ್ಬು ಚಕ್ರಕ್ಕೆ ಸವೆದು ಹೋಗುತ್ತೆ.

ಸನಿಕೆಹಾರೆ:
ಕಡಿಯೋ ಕೆಲಸದ ಬಗ್ಗೆ. 12 ಜನಕ್ಕೆ 4 ಗುದ್ದಲಿ, 2 ಪಿಕಾಸಿ, 2 ಹಾರೆ, 3 ಸನಿಕೆ, 4 ಬಾಂಡ್ಲಿ, ಒಂದು ಕಬ್ಬಿಣದ ರೇಕ್, ಒಂದು ದಮ್ಮಸು. ಒಬ್ಬರಿಂದ ಒಬ್ಬರಿಗೆ 3 ಮೀಟರ್ ಅಂತರ ಇರಲೇಬೇಕು. ಒಂದು ಭಾನುವಾರಕ್ಕೆ 30 ಮೀಟರ್ ಅಚ್ಚುಕಟ್ಟಾಗಿ ಮುಗಿದರೆ ಒಳ್ಳೆಯ ಕೆಲಸ, ಅಂದರೆ ಐದು ಭಾನುವಾರ. ಈಗಲೇ ಶುರು ಮಾಡಿ. ಮಣ್ಣನ್ನ ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಹೆಬ್ಬೆರಳು ಒತ್ತಿದರೆ ಎರಡು ಹೋಳಾಗಬೇಕು. ಆ ಹದ ಸಂಕ್ರಾಂತಿ ಹೊತ್ತಿಗೆ ಹೋಗಿಬಿಡುತ್ತೆ, ಆಮೇಲೆ ಎಷ್ಟು ದಮ್ಮಸು ಹಾಕಿದರೂ ಪುಡಿ ಪುಡಿಯಾಗೇ ಇರುತ್ತೆ.

75 ಸೆಂ.ಮೀ. ಅಗಲ ಪೂರ್ತಿ ಗುಡ್ಡದ ಗಟ್ಟಿ ಮೈಯಲ್ಲೇ ಕಡಿಯಿರಿ. ಅರ್ಧ ಕಡಿದು, ತೆಗೆದ ಮಣ್ಣನ್ನೇ ಹೊರಗೆ ಹಾಕಿ ಅಗಲ ಮಾಡೋದು ಎಲ್ಲರೂ ಮಾಡೋ ತಪ್ಪು. ಆ ಹೊರಭಾಗ ಮೊದಲ ಮಳೆಗೆ ಜಾರುತ್ತೆ. ಹೊರ ಅಂಚು ಒಳ ಅಂಚಿಗಿಂತ 4 ಸೆಂ.ಮೀ. ತಗ್ಗಿರಲಿ. ಒಳಗಿನ ಗೋಡೆಯನ್ನ ನೇರ ನಿಲ್ಲಿಸಬೇಡಿ, ಓರೆಯಾಗಿ ಹೆರೆಯಿರಿ, ಇಲ್ಲದಿದ್ದರೆ ಕುಸಿದು ಹಾದಿ ಮೇಲೇ ಬೀಳುತ್ತೆ. ತೆಗೆದ ಮಣ್ಣು ಅಂಚಿನಲ್ಲಿ ಸಾಲಾಗಿ ಉಳಿಯಬಾರದು. ನಮ್ಮ ಕಡೆ ಹೊಲದಲ್ಲಿ ಬದು ಹಾಕಿದ ಕೈಗಳು ಗೊತ್ತಿಲ್ಲದೇ ಇಲ್ಲೂ ಬದು ಕಟ್ಟಿಬಿಡ್ತವೆ. ಹೊಲದ ಬದು ನೀರು ನಿಲ್ಲಿಸೋಕೆ, ಇಲ್ಲಿ ನೀರು ಒಂದು ಗಳಿಗೆಯೂ ನಿಲ್ಲಬಾರದು.

ಲಂಟಾನವನ್ನ ಮಚ್ಚಿನಲ್ಲಿ ಸವರಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತೆ. ಬುಡದ ಗಂಟಿನ ಕೆಳಗೆ, ನೆಲಮಟ್ಟಕ್ಕಿಂತ 3–5 ಸೆಂ.ಮೀ. ಆಳದಲ್ಲಿ ತಾಯಿಬೇರು ಕಡಿದು, ಗಿಡ ತಲೆಕೆಳಗು ಮಾಡಿ ಒಣಗೋಕೆ ಬಿಡಿ. ಕಲ್ಲು ಎತ್ತುವಾಗ ಆಚೆಯ ಅಂಚು ಎತ್ತಿ ನಿಮ್ಮ ಕಡೆಗೆ ಮಗುಚಿ: ಅಡಿಯಲ್ಲಿ ಮಂಡಲದ ಹಾವೋ ಚೇಳೋ ಇದ್ದರೆ ನಡುವೆ ಕಲ್ಲು ಇರುತ್ತೆ. ಹಾವು ಕಚ್ಚಿದರೆ ಕಟ್ಟೋದು, ಕೊಯ್ಯೋದು ಬೇಡ, 108ಕ್ಕೆ ಫೋನ್ ಮಾಡಿ ಕಾಲು ಅಲುಗಿಸದೆ ಆಸ್ಪತ್ರೆಗೆ ಸೇರಿಸಿ.

ಗೋಮಾಳದಂಚು:
ಗುದ್ದಲಿ ಹಾಕೋ ಮೊದಲು ಜಾಗ ಯಾರದ್ದು ನೋಡಿದ್ರಾ? ಹೊಸ ಗೆರೆ 150 ಮೀಟರ್ ಪಕ್ಕಕ್ಕೆ ಸರಿದರೆ ಸರ್ವೆ ನಂಬರೇ ಬದಲಾಗಬಹುದು. ಗೂಟದ ಹತ್ತಿರ ನಿಂತು ದಿಶಾಂಕ್ ಆ್ಯಪಿನಲ್ಲಿ ನಂಬರ್ ತೆಗೆದು ಪಹಣಿ ನೋಡಿ. ಖಾಸಗಿ ಆದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ. ಸರ್ಕಾರಿ ಗೋಮಾಳ ಆದರೆ ತಹಶೀಲ್ದಾರರಿಗೆ ಅರ್ಜಿ, ಪಂಚಾಯಿತಿಗೂ ಒಂದು ಪ್ರತಿ. ನಂದಿ ಸಾಲಿನಲ್ಲಿ ಮೀಸಲು ಅರಣ್ಯ ಬಹಳ ಇದೆ, ಪಹಣಿಯಲ್ಲಿ ಗೋಮಾಳ ಅಂತ ಇದ್ದರೂ ವಲಯ ಅರಣ್ಯಾಧಿಕಾರಿ ಹತ್ತಿರ ಗಡಿ ಖಚಿತ ಮಾಡಿಕೊಳ್ಳಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನೆಲ ಕಡಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಕುರಿಗಾಹಿಗಳನ್ನ ಮರೆಯಬೇಡಿ. ಅವರ ಜಾಡು ಹೊಸ ಹಾದಿಯನ್ನ ಎಲ್ಲಿ ದಾಟುತ್ತೆ ಕೇಳಿ ತಿಳಿದುಕೊಳ್ಳಿ. ನೂರು ಕುರಿ ದಿನಾ ತುಳಿದರೆ ಹೊರ ಅಂಚು ಅಲ್ಲೇ ಒಡೆಯುತ್ತೆ. ದಾಟೋ ಜಾಗಕ್ಕೆ ಮಾತ್ರ ಕಲ್ಲು ಹೂತರೆ ಇಬ್ಬರಿಗೂ ಹಾದಿ ಉಳಿಯುತ್ತೆ.

ಎರಡುಚಕ್ರ:
ಜಾಗ ಖಾಸಗಿ, ಒಪ್ಪಿಗೆ ಪತ್ರ ಇದೆ. ಹೊಸ ಗೆರೆಯದ್ದೂ ನೋಡ್ತೀವಿ. ಎರಡು ಅನುಮಾನ: ಕಲ್ಲು ಹೂಳೋಕೆ ಚಪ್ಪಡಿ ಹಾಸಿದರೆ ಆಗುತ್ತಾ? ಹಳೇ ಕೊರಕಲನ್ನ ಹಾಗೇ ಬಿಡಬಹುದಾ?

ನೀರಿನಮಟ್ಟ:
ಚಪ್ಪಡಿ ಮಲಗಿಸಿದರೆ ಅಡಿಯ ಮಣ್ಣು ತೊಳೆದು ಒಂದು ಮೂಲೆ ಅಲ್ಲಾಡೋಕೆ ಶುರುವಾಗುತ್ತೆ, ಒದ್ದೆಯಾದರೆ ಟೈರ್ ಜಾರುತ್ತೆ. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಕಾಡುಗಲ್ಲನ್ನ ಅಂಚಿನ ಮೇಲೆ ನಿಲ್ಲಿಸಿ, ಮೂರರಲ್ಲಿ ಎರಡು ಪಾಲು ನೆಲದೊಳಗೆ. ಸಾಲು ಹಾದಿಗೆ ಅಡ್ಡ ಬರಲಿ. ಕೆಳಗಿನ ತುದಿಗೆ ಮೊದಲು ದೊಡ್ಡ ಕಲ್ಲು ಕೂರಿಸಿ ಅಲ್ಲಿಂದ ಮೇಲಕ್ಕೆ ಬನ್ನಿ, ಸಂದಿಗೆ ನೊರಜುಗಲ್ಲು ಬಡಿದು ತುಂಬಿ. ಮೇಲೆ ನಿಂತು ಕುಣಿದರೂ ಒಂದು ಕಲ್ಲೂ ಮಿಸುಕಬಾರದು.

ಹಳೇ ಕೊರಕಲು ಬಿಡಬಾರದು, ಅದು ಮೇಲಕ್ಕೆ ತಿನ್ನುತ್ತಾ ಹೊಸ ಹಾದಿಯನ್ನೂ ಹಿಡಿಯುತ್ತೆ. ಮೊದಲು ಮೇಲ್ತುದಿಯಲ್ಲಿ ನೀರನ್ನ ಪಕ್ಕಕ್ಕೆ ತಿರುಗಿಸಿ. ಆಮೇಲೆ ಕೊರಕಲಿಗೆ ಅಡ್ಡಡ್ಡ ಕಲ್ಲಿನ ತಡೆಗಳು: ಎರಡೂ ದಡಕ್ಕೆ ಅರ್ಧ ಅಡಿ ಒಳಗೆ ಹೊಗಿಸಿ, ನಡುಭಾಗ ದಡಕ್ಕಿಂತ ತಗ್ಗಿರಲಿ, ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಲಿ. ಹೊಸ ಹಾದಿಯಿಂದ ತೆಗೆದ ಮಣ್ಣೆಲ್ಲ ಇವುಗಳ ಹಿಂದಕ್ಕೆ ಹಾಕಬಹುದು. ಆ ಮಣ್ಣಿನ ಮೇಲೆ ಬಂದರೆ ಗಿಡದ ಬೀಜ ಚೆಲ್ಲಿ, ಅದು ಈ ಗುಡ್ಡಗಳದ್ದೇ ಗಿಡ, ಕುರಿ ಅಷ್ಟಾಗಿ ಮುಟ್ಟಲ್ಲ. ಎರಡೂ ತುದಿಗೆ ಒಣ ಲಂಟಾನ ಹಾಕಿ ಮುಚ್ಚಿ, ಹಣ್ಣು ಬಿಟ್ಟಿರೋ ಕೊಂಬೆ ಬೇಡ.

ಸನಿಕೆಹಾರೆ:
ಮುಗಿದ ಮೇಲೆ ಮೇ ತಿಂಗಳ ಮೊದಲ ಗುಡುಗುಮಳೆಯಲ್ಲಿ ಇಬ್ಬರು ಕೊಡೆ ಹಿಡಿದು, ಸನಿಕೆ ತಗೊಂಡು ಹಾದಿ ನಡೆಯಿರಿ. ಮಿಂಚು ಹತ್ತಿರ ಇದ್ದರೆ ಮಾತ್ರ ಹೋಗಬೇಡಿ. ನೀರು ಹೊರ ಅಂಚು ಹಿಡಿದು ಹಾದಿಯುದ್ದಕ್ಕೆ ಎರಡು ಮೀಟರಿಗಿಂತ ಜಾಸ್ತಿ ಓಡ್ತಿದ್ರೆ ಅಲ್ಲಿ ಅಂಚು ಕೆರೆದು ದಾರಿ ಬಿಡಿ. ತಗ್ಗಿನ ಬಾಯಲ್ಲಿ ನೊರಜು ಬೀಸಣಿಗೆ ಹಾಗೆ ಹರಡಿದ್ದರೆ ಅದು ಕೆಲಸ ಮಾಡ್ತಿದೆ ಅಂತ, ಅದನ್ನ ಮಳೆ ನಿಂತ ಮೇಲೆ ಎತ್ತಿ ಹಾಕಿ. ಒದ್ದೆ ಮಣ್ಣಿನ ಮೇಲೆ ಒಂದು ದಿನ ಸೈಕಲ್ ಬೇಡ ಅಂತ ಮೇಲ್ತುದಿಯಲ್ಲೊಂದು ಬೋರ್ಡ್ ಹಾಕಿ.