ಕಚ್ಚು ಬಿದ್ದ ರೂಪಾಯಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತಮೂರು ಜನರಿದ್ದೇವೆ. ಬಾಯಿ ಬಿಡುವವರು ಐದಾರು ಮಂದಿ, ಉಳಿದವರು ಓದಿ ಸುಮ್ಮನಾಗುವವರು. ಸುಮ್ಮನಾಗುವವರಲ್ಲಿ ನಮ್ಮ ಅಪ್ಪನೇ ಮೊದಲಿಗರು. ಹೋದ ಶನಿವಾರ ಮತ್ತು ಭಾನುವಾರ ನಡೆದದ್ದನ್ನು ಇಲ್ಲಿ ಇಳಿಸಿದ್ದೇನೆ. ಶುಭೋದಯದ ಗುಲಾಬಿಗಳನ್ನೂ, ಬೇರೆ ಯಾವುದೋ ಗುಂಪಿಗೆ ಹೋಗಬೇಕಾಗಿದ್ದ ಒಂದು ಶ್ರದ್ಧಾಂಜಲಿಯನ್ನೂ ತೆಗೆದಿದ್ದೇನೆ. ಹುಬ್ಬಳ್ಳಿಯ ಮಾತನ್ನು ಪತ್ರಿಕೆಯ ಕನ್ನಡಕ್ಕೆ ತರುವಾಗ ಬೈಗುಳಗಳು ದಾರಿಯಲ್ಲಿ ಉದುರಿಹೋದವು, ಅವುಗಳ ಜಾಗವನ್ನು ಓದುವವರೇ ತುಂಬಿಕೊಳ್ಳಬೇಕು.

ಶನಿವಾರ, ಬೆಳಿಗ್ಗೆ 10:12

ಗದಗಿನ ಅತ್ತೆ: ಅಪ್ಪನ (ಅಂದರೆ ನನ್ನ ಅಜ್ಜನ) ಹುಬ್ಬಳ್ಳಿ ದುರ್ಗದಬೈಲ್ ಅಂಗಡಿಯ ಗಲ್ಲಾ ಪೆಟ್ಟಿಗೆ ನಮ್ಮ ಅಟ್ಟದ ಮೇಲಿತ್ತು. ಇವತ್ತು ಇಳಿಸಿದೆ. ತಳದಲ್ಲಿ ಬಿಸ್ಕತ್ತಿನ ಡಬ್ಬಿ. ಗಿರಾಕಿಗಳು ದಾಟಿಸಿಹೋದ ಓಡದ ದುಡ್ಡನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದಾರೆ. ಈ ಒಂದು ರೂಪಾಯಿ ನೋಡಿ, ಇಲಿ ಕಚ್ಚಿದಂತಿದೆ.

(ಫೋಟೋ: ಅಂಗೈ ಮೇಲೆ 1993ರ ಸ್ಟೀಲ್ ರೂಪಾಯಿ. ಬಲಗಡೆ ಅರ್ಧಚಂದ್ರದ ಕಚ್ಚು. ಹಿಂದೆ ತೆರೆದ ಡಬ್ಬಿ.)

ವಿನು: ಅತ್ತೆ, ಯಾರ ಕೈಗೂ ಕೊಡಬೇಡಿ! ಇದು ಎರರ್ ನಾಣ್ಯ, ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದದ್ದು. ಇಂಥದ್ದಕ್ಕೆ ಐದು ಲಕ್ಷ ಎಂದು ನಿನ್ನೆಯೇ ಒಂದು ವಿಡಿಯೋ ನೋಡಿದೆ.

ಕಾಕಾ: ಐದು ಲಕ್ಷವಾದರೆ ನಾಲ್ಕು ಪಾಲು. ಈಗಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ತಕರಾರು ಬೇಡ.

ದೊಡ್ಡಪ್ಪ: ಪಾಲಿನ ಮಾತು ಹಾಗಿರಲಿ. ನಾಣ್ಯದ ಬಗ್ಗೆ ಗದಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದಲ್ಲೇ ಟಂಕಸಾಲೆ ಇತ್ತು. ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಆ ಹೆಸರು ಬಂದದ್ದೇ ಆ ಊರಿನಿಂದ.

ವೈನಿ: ಮಾವನವರೇ, ಇದು ಗದ್ಯಾಣವಲ್ಲ, ಚಹಾ ಕುಡಿಯುವ ರೂಪಾಯಿ.

ನಾನು: ಅತ್ತೆ, ಕಚ್ಚಿನ ಫೋಟೋ ಸಾಕು. ಅದರ ನೇರ ಎದುರು ಬದಿಯ ಅಂಚಿನ ಫೋಟೋ ಕಳಿಸಿ.

(ಅತ್ತೆ ಕಳಿಸಿದ್ದು: ಕಚ್ಚಿನ ಫೋಟೋ. ಮತ್ತೆ ಕೇಳಿದೆ. ಬಂದದ್ದು: ಕಚ್ಚಿನ ಫೋಟೋ, ಇನ್ನೂ ಹತ್ತಿರದಿಂದ. ಮೂರನೆಯ ಸಲ ಅತ್ತೆಯ ಹೆಬ್ಬೆರಳು.)

ಕಾಕಾ: ಇವಳೊಬ್ಬಳು. ಕಚ್ಚು ಇರುವುದು ಒಂದು ಕಡೆ, ಇವಳಿಗೆ ಬೇಕಾದದ್ದು ಇನ್ನೊಂದು ಕಡೆ.

ನಾನು: ಅದಕ್ಕೆ ಕಾರಣವಿದೆ ಕಾಕಾ. ಟಂಕಸಾಲೆಯಲ್ಲಿ ಉದ್ದನೆಯ ಲೋಹದ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಪಂಚ್‌ನಿಂದ ಕತ್ತರಿಸುತ್ತಾರೆ. ಪಟ್ಟಿ ಸರಿಯಬೇಕಾದಷ್ಟು ಮುಂದೆ ಸರಿಯದಿದ್ದರೆ, ಆಗಲೇ ತೂತಾದ ಜಾಗದ ಮೇಲೂ ಪಂಚ್ ಸ್ವಲ್ಪ ಬೀಳುತ್ತದೆ. ಆ ಬಿಲ್ಲೆ ಹುಟ್ಟುವಾಗಲೇ ಕಚ್ಚು ಹೊತ್ತು ಬರುತ್ತದೆ. ಅಚ್ಚು ಬೀಳುವುದು ಅದಾದ ಮೇಲೆ.

ಅತ್ತೆ: ಕರ್ಚಿಕಾಯಿಗೆ ಹಿಟ್ಟು ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಒತ್ತುವಾಗ ಆಗುವುದೂ ಇದೇ. ಪಕ್ಕದ ತೂತಿಗೆ ಮುಚ್ಚಳ ತಾಗಿದರೆ ಒಂದು ಕಡೆ ಚಂದ್ರ ಹೋಗಿರುತ್ತದೆ. ಹಾಳೆಯ ಕೊನೆಯಲ್ಲಿ ಒತ್ತಿದರೆ ಒಂದು ಬದಿ ನೆಟ್ಟಗೆ.

ನಾನು: ಅಷ್ಟೇ ಅತ್ತೆ, ಪಟ್ಟಿಯ ತುದಿಯಲ್ಲಿ ಬಿದ್ದದ್ದಕ್ಕೆ ನೇರ ಕಚ್ಚು. ಈಗ ಎದುರು ಅಂಚಿನ ವಿಷಯ. ಅಚ್ಚು ಒತ್ತುವ ಮೊದಲು ಬಿಲ್ಲೆಯನ್ನು ಕಿರಿದಾಗುತ್ತ ಹೋಗುವ ಸಂದಿಯಲ್ಲಿ ಉರುಳಿಸಿ ಅಂಚನ್ನು ಎಬ್ಬಿಸುತ್ತಾರೆ. ಎರಡೂ ಕಡೆಯಿಂದ ಒತ್ತಡ ಬಿದ್ದರೆ ಮಾತ್ರ ಅಂಚು ಏಳುತ್ತದೆ. ಕಚ್ಚು ಇದ್ದ ಕಡೆ ತಾಗಲು ಏನೂ ಇಲ್ಲ, ಆದ್ದರಿಂದ ಆ ಕ್ಷಣ ಎದುರು ಬದಿಗೂ ಒತ್ತಡ ತಪ್ಪುತ್ತದೆ. ಅಲ್ಲಿ ಅಂಚು ಸಪ್ಪಗೆ ಉಳಿಯುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಎಲ್ಲ ಅಸಲಿ ನಾಣ್ಯಗಳಲ್ಲೂ ಇದು ಎದ್ದು ಕಾಣುವುದಿಲ್ಲ, ಆದರೆ ಕಂಡರೆ ಗಟ್ಟಿ ಸಾಕ್ಷಿ. ಕಚ್ಚನ್ನು ಯಾರು ಬೇಕಾದರೂ ಕತ್ತರಿಸಬಹುದು, ಎದುರು ಅಂಚನ್ನು ಹೀಗೆ ಸಪ್ಪಗಾಗಿಸುವುದು ಸುಲಭವಲ್ಲ.

ದೊಡ್ಡಪ್ಪ: ಲಕ್ಕುಂಡಿಯ ಗದ್ಯಾಣಕ್ಕೂ ಹೀಗೆಯೇ ನೋಡಬೇಕೇ?

ನಾನು: ಇಲ್ಲ ದೊಡ್ಡಪ್ಪ. ಅವು ಕೈಯಿಂದ ಹೊಡೆದವು, ಅಂಚು ಹೇಗಿದ್ದರೂ ನಡೆಯುತ್ತಿತ್ತು, ತೂಕ ಸರಿ ಇದ್ದರಾಯಿತು. ಈ ಲೆಕ್ಕವೆಲ್ಲ ಯಂತ್ರದ ನಾಣ್ಯಕ್ಕೆ.

ಅತ್ತೆ: ತಡಿ, ಹಿಂದೆ ಕರ್ರಗೆ ಏನೋ ಮೆತ್ತಿಕೊಂಡಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೋ ತೆಗೆಯುತ್ತೇನೆ.

ನಾನು: ಬೇಡ ಅತ್ತೆ!! ತೊಳೆಯಬೇಡಿ, ತಿಕ್ಕಬೇಡಿ. ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಮುಟ್ಟುವುದಿಲ್ಲ.

(ಎರಡು ಬೂದು ಟಿಕ್. ಅತ್ತೆ ಅಡುಗೆಮನೆಗೆ ಹೋಗಿಯಾಗಿತ್ತು.)

ಶನಿವಾರ, ಮಧ್ಯಾಹ್ನ 1:40

ಅತ್ತೆ: ಈಗ ಥಳಥಳ ಹೊಳೆಯುತ್ತಿದೆ. ಪಕ್ಕದ ಮನೆಯ ಪತ್ತಾರರ ತಕ್ಕಡಿಯಲ್ಲಿ ತೂಗಿಸಿದೆ. 4.38 ಗ್ರಾಂ.

ಕಾಕಾ: ಸರಿಯಾದ ತೂಕ ಎಷ್ಟು?

ನಾನು: 1992ರಿಂದ ಬಂದ ಸ್ಟೀಲ್ ರೂಪಾಯಿಗೆ 4.85 ಗ್ರಾಂ.

ಕಾಕಾ: ಕಡಿಮೆ ಇದೆಯಲ್ಲ! ಸಾಬೀತಾಯಿತು. ವಿನು, ಆ ವಿಡಿಯೋದವರ ನಂಬರ್ ಹಾಕು.

ನಾನು: ಕಾಕಾ, ಅರದಿಂದ ಉಜ್ಜಿದರೂ ತೂಕ ಇಳಿಯುತ್ತದೆ. ಕಚ್ಚು ಇದ್ದೂ ತೂಕ ಪೂರ್ತಿ ಬಂದಿದ್ದರೆ ಸಂಶಯಪಡಬಹುದಿತ್ತು. ಕಡಿಮೆ ಬಂದದ್ದರಿಂದ ಏನೂ ಸಾಬೀತಾಗುವುದಿಲ್ಲ.

ವಿನು: ನಾನು ಆಗಲೇ ಮಾತನಾಡಿದೆ ಅಕ್ಕಾ. ಅವರು ಖರೀದಿಗೆ ತಯಾರಿದ್ದಾರೆ. ಮೊದಲು 2,500 ರೂಪಾಯಿ ನೋಂದಣಿ ಶುಲ್ಕ ಕಟ್ಟಬೇಕಂತೆ. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಪತ್ರ ಕಳಿಸಿದ್ದಾರೆ.

ವೈನಿ: ಕೊಳ್ಳುವವರಿಗೆ ಮಾರುವವರು ದುಡ್ಡು ಕೊಡುವ ವ್ಯಾಪಾರ ಬ್ಯಾಡಗಿ ಮಾರುಕಟ್ಟೆಯಲ್ಲೂ ನೋಡಿಲ್ಲ.

ನಾನು: ವಿನು, ಒಂದು ಪೈಸೆಯನ್ನೂ ಹಾಕಬೇಡ. ಹಳೆಯ ನೋಟು, ನಾಣ್ಯ ಕೊಳ್ಳುವುದಾಗಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಇಷ್ಟು ಹೊಸ ನಾಣ್ಯದ ಕಚ್ಚಿಗೆ ನಿಜವಾದ ಸಂಗ್ರಾಹಕ ಕೊಡುವುದು ನೂರರ ಲೆಕ್ಕದಲ್ಲಿ. ಲಕ್ಷ ಇರುವುದು ವಿಡಿಯೋದಲ್ಲಿ ಮಾತ್ರ.

ಕಾಕಾ: ನಿನಗೆ ಅಗ್ಗಕ್ಕೆ ಬೇಕಾಗಿದೆ, ಅದಕ್ಕೆ ಹೀಗೆ ಹೇಳುತ್ತಿದ್ದೀ.

(ಈ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಧಾರವಾಡದಲ್ಲಿ ಆಗ ಕರೆಂಟ್ ಇತ್ತು, ಮೊಬೈಲಿನಲ್ಲಿ ಚಾರ್ಜ್ ಇತ್ತು. ಸಿಟ್ಟೂ ಇತ್ತು.)

ಭಾನುವಾರ, ಬೆಳಿಗ್ಗೆ 8:05

ಅತ್ತೆ: ತೊಗೋ, ಎದುರು ಬದಿಯ ಅಂಚು. ಮೊಮ್ಮಗಳು ತೆಗೆದುಕೊಟ್ಟಳು.

ನಾನು: ಮೊಮ್ಮಗಳಿಗೆ ಒಂದು ಪೇಡೆ ನನ್ನ ಲೆಕ್ಕದಲ್ಲಿ. ಎಲ್ಲರೂ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎದುರು ಅಂಚು ಎಷ್ಟು ತುಂಬಿಕೊಂಡಿದೆ ಎಂದರೆ ಹೊಸ ಬಳೆಯ ಹಾಗಿದೆ. ಇನ್ನು ಕಚ್ಚಿನ ಕಡೆ ಬನ್ನಿ. ಇಂಡಿಯಾ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಚಾಕುವಿನಿಂದ ಕೊಯ್ದಂತೆ ಅರ್ಧಕ್ಕೇ ನಿಂತಿದೆ. ಹುಟ್ಟುಕಚ್ಚಾಗಿದ್ದರೆ ಅಚ್ಚು ಬಿದ್ದಾಗ ಲೋಹ ಖಾಲಿ ಜಾಗದತ್ತ ಹರಿಯುತ್ತಿತ್ತು, ಅಕ್ಷರದ ಕಾಲು ಎಳೆದಂತಾಗಿ ಮಾಸುತ್ತಿತ್ತು. ಮೂರನೆಯದಾಗಿ, ಕಚ್ಚಿನ ಬಾಗು ತೀರ ಚಿಕ್ಕದು. ಬಿಲ್ಲೆ ಕತ್ತರಿಸಿದ ಪಂಚೇ ಕಚ್ಚನ್ನೂ ಕತ್ತರಿಸುವುದರಿಂದ ಇನ್ನೊಂದು ರೂಪಾಯಿಯನ್ನು ಅಲ್ಲಿಟ್ಟರೆ ಹೆಚ್ಚುಕಡಿಮೆ ಹೊಂದಿಕೊಳ್ಳಬೇಕು. ಇಲ್ಲಿ ಹೆಬ್ಬೆರಳು ಹೊಂದೀತು. ಒಳಗೋಡೆಯ ಮೇಲೆ ಸಣ್ಣ ಗೀರುಗಳೂ ಇವೆ. ಇದು ಯಾರೋ ಉಜ್ಜಿದ್ದು.

ಕಾಕಾ: ಅಪ್ಪನ ಡಬ್ಬಿಯಲ್ಲಿ ಖೊಟ್ಟಿ ನಾಣ್ಯವೇ?

ದೊಡ್ಡಪ್ಪ: ನಾಣ್ಯ ಅಸಲಿ, ಕಚ್ಚು ಖೊಟ್ಟಿ ಎನ್ನು. ಆದರೆ ಯಾರು ಉಜ್ಜಿದರು? ಯಾಕೆ?

ವಿನು: ನಾಣ್ಯ ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

ವೈನಿ: ಹೋಗಪ್ಪ, ಅಜ್ಜನವರ ಫೋಟೋಕ್ಕೆ ನೋಟಿಸ್ ಅಂಟಿಸಿ ಬಾ.

ಅಪ್ಪ: ನಾನು.

(ಗುಂಪು ಶುರುವಾಗಿ ಆರು ವರ್ಷ. ಅಪ್ಪ ಬರೆದ ಮೊದಲ ಪದ ಇದು. ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಅಪ್ಪ: ಅಂಗಡಿಯ ತಕ್ಕಡಿಯ ಒಂದು ಸರಪಳಿ ತುಂಡಾಗಿತ್ತು. ಹೊಸದು ಹಾಕಿಸಿದೆವು. ಹೊಸ ಸರಪಳಿ ಹಗುರ, ಆ ಕಡೆಯ ತಟ್ಟೆ ಮೇಲೇಳುತ್ತಿತ್ತು. ಪಾಸಂಗಕ್ಕೆ, ಅಂದರೆ ಎರಡೂ ತಟ್ಟೆ ಸಮ ನಿಲ್ಲಲು, ಎಂಟಾಣೆ ಇಟ್ಟು ನೋಡಿದೆ, ಸಾಲಲಿಲ್ಲ. ರೂಪಾಯಿ ಇಟ್ಟೆ, ಹೆಚ್ಚಾಯಿತು. ಗೋಕುಲ ರಸ್ತೆಯ ವರ್ಕ್‌ಶಾಪಿಗೆ ಒಯ್ದು ದುಂಡು ಅರದಿಂದ ಉಜ್ಜಿ ಉಜ್ಜಿ ಸರಿಗೆ ತಂದೆ. ಅರಗು ಕಾಯಿಸಿ ತಟ್ಟೆಯ ಅಡಿಗೆ ಅಂಟಿಸಿದೆ. ಕರ್ರಗಿದ್ದದ್ದು ಆ ಅರಗು.

ನಾನು: ಸ್ಟೀಲಿನ ಎಂಟಾಣೆ 3.79 ಗ್ರಾಂ, ರೂಪಾಯಿ 4.85. ಇದು 4.38. ಅಪ್ಪಾ, ನಿನ್ನೆಯಿಂದ ಓದುತ್ತಿದ್ದೀರಲ್ಲ, ಮೊದಲೇ ಹೇಳಬಾರದಿತ್ತೇ?

ಅಪ್ಪ: ಯಾರೂ ಕೇಳಲಿಲ್ಲ.

(ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಜಗಳ ನಿಜವಾಗಿ ಶುರುವಾದದ್ದು ಇಲ್ಲಿಂದ.)

ವೈನಿ: ಮಾವನವರೇ, ಸಿಟ್ಟಾಗಬೇಡಿ. ತಟ್ಟೆಯ ಅಡಿಗೆ, ಗಿರಾಕಿಗೆ ಕಾಣದ ಹಾಗೆ ನಾಣ್ಯ. ಅದು ಕಲ್ಲಿಡುವ ತಟ್ಟೆಯೋ ಸಾಮಾನು ಹಾಕುವ ತಟ್ಟೆಯೋ? ನನ್ನ ಅಪ್ಪ ಮೆಣಸಿನಕಾಯಿ ಚೀಲ ಹೊತ್ತು ತಂದು ಮಾರಿದವರು. ತಕ್ಕಡಿಯ ಅಡಿಗೆ ಏನಿದೆ ಎಂದು ನೋಡುವುದು ನಮ್ಮ ರಕ್ತದಲ್ಲೇ ಇದೆ.

ದೊಡ್ಡಪ್ಪ: ಏನು ಹೇಳುತ್ತಿದ್ದೀ ಎಂಬ ಅರಿವಿದೆಯೇ? ನಲವತ್ತು ವರ್ಷ ಆ ಅಂಗಡಿ ನಡೆದದ್ದು ತೂಕದ ಮೇಲೆ. ಸಕ್ಕರೆ ಕಟ್ಟಿದ ಮೇಲೆ ನಾಲ್ಕು ಕಾಳು ಮೇಲೆ ಉದುರಿಸಿ ಕೊಡುತ್ತಿದ್ದ ಮನುಷ್ಯ ಅವರು.

ಕಾಕಾ: ವೈನಿ ಕೇಳಿದ್ದರಲ್ಲಿ ತಪ್ಪೇನಿದೆ ಅಣ್ಣಾ? ಸಾಮಾನಿನ ತಟ್ಟೆಯಾದರೆ ಪ್ರತಿ ತೂಕಕ್ಕೆ ನಾಲ್ಕು ಗ್ರಾಂ ಚಿಲ್ಲರೆ ನಮಗೆ ಉಳಿಯಿತು.

(ದೊಡ್ಡಪ್ಪ ಗುಂಪಿನಿಂದ ಹೊರನಡೆದರು. ಕಾಕಾ ಸೇರಿಸಿದರು. ಮತ್ತೆ ಹೊರನಡೆದರು. ಮೂರನೆಯ ಸಲ ಅತ್ತೆ ಫೋನ್ ಮಾಡಿ ಬೈದ ಮೇಲೆ ನಿಂತರು.)

ನಾನು: ಯಾವ ತಟ್ಟೆ ಎಂಬುದು ಪ್ರಶ್ನೆಯಲ್ಲ ವೈನಿ. ಬರಿದು ತಕ್ಕಡಿ ನಾಣ್ಯವಿಲ್ಲದೆ ವಾಲಿ, ನಾಣ್ಯ ಇಟ್ಟ ಮೇಲೆ ಸಮ ನಿಂತರೆ ಅದು ಸರಿಪಡಿಸಿದ್ದು. ನಾಣ್ಯವಿಲ್ಲದೆ ಸಮ ನಿಂತರೆ ಮೋಸ. ತಕ್ಕಡಿ ಎಲ್ಲಿದೆ?

ಅತ್ತೆ: ನಮ್ಮಲ್ಲೇ. ಬದನೆಕಾಯಿ ಸಂಡಿಗೆ ಒಣಗಿಸುವಾಗ ತಟ್ಟೆ ಬೇಕಾಗುತ್ತದೆಂದು ಇಟ್ಟುಕೊಂಡಿದ್ದೆ. ತೊಟ್ಟಿಲು ಕಟ್ಟುವ ಕೊಂಡಿಗೆ ತೂಗುಹಾಕುತ್ತೇನೆ. ಗಾಳಿ ಬೀಳದಂತೆ ಫ್ಯಾನ್ ಆರಿಸಿ ವಿಡಿಯೋ ಕಳಿಸುತ್ತೇನೆ.

ಭಾನುವಾರ, ಬೆಳಿಗ್ಗೆ 11:30

(ವಿಡಿಯೋ: ಕಬ್ಬಿಣದ ದಂಡಿ, ಎರಡು ಹಿತ್ತಾಳೆ ತಟ್ಟೆ. ಎಡಗಡೆಯ ಸರಪಳಿ ತೆಳ್ಳಗೆ, ಬಲಗಡೆಯದು ದಪ್ಪ. ಎಡತಟ್ಟೆ ಮೇಲೆದ್ದಿದೆ, ಅದರ ಅಡಿಗೆ ರೂಪಾಯಿಯಗಲದ ಕಪ್ಪು ಕಲೆ. ಅತ್ತೆಯ ಕೈ ಬಂದು ನಾಣ್ಯವನ್ನು ಎಡತಟ್ಟೆಯಲ್ಲಿಡುತ್ತದೆ. ದಂಡಿ ಎರಡು ಸಲ ತೂಗಾಡಿ, ನಡುವಿನ ಮುಳ್ಳು ಸಂದಿನೊಳಗೆ ನೆಟ್ಟಗೆ ನಿಲ್ಲುತ್ತದೆ. ಹಿಂದೆ ಕುಕ್ಕರ್ ಸೀಟಿ.)

ವೈನಿ: ಸರಿ. ಮಾತು ಹಿಂತೆಗೆದುಕೊಂಡೆ. ಕೇಳಿದ್ದು ತಪ್ಪೆಂದು ಮಾತ್ರ ಒಪ್ಪುವುದಿಲ್ಲ.

ದೊಡ್ಡಪ್ಪ: (ಕೈಮುಗಿದ ಚಿಹ್ನೆ. ಯಾರಿಗೆ ಎಂದು ತಿಳಿಯಲಿಲ್ಲ.)

ಅಪ್ಪ: ಮುಳ್ಳು ಕೂದಲಷ್ಟು ಬಲಕ್ಕಿದೆ. ಅರಗು ಹೋಯಿತಲ್ಲ, ಅದರ ತೂಕ.

ವಿನು: ಅಂದರೆ ಐದು ಲಕ್ಷ ಇಲ್ಲ.

ನಾನು: ಇಲ್ಲ. ಆದರೆ ಅತ್ತೆ, ಮೊದಲನೆಯ ಫೋಟೋದಲ್ಲಿ ಡಬ್ಬಿಯ ಮೂಲೆಯಲ್ಲಿ ಘೇಂಡಾಮೃಗದ ನಾಲ್ಕಾಣೆ ಕಂಡಿತ್ತು. ಅದರ ಅಂಚಿನಲ್ಲೂ ಉಗುರಷ್ಟು ಕಚ್ಚು ಇದ್ದಂತಿದೆ. ಸ್ವಲ್ಪ ನೋಡುತ್ತೀರಾ?

ಕಾಕಾ: ನಾಲ್ಕಾಣೆ 2011ರ ಜೂನ್ ಕೊನೆಗೇ ಬಂದ್ ಆಯಿತು. ಅದನ್ನೇನು ನೋಡುತ್ತೀ.

(ಎರಡು ಫೋಟೋ ಬಂದವು. 1994, ಇಸವಿಯ ಕೆಳಗೆ ಹೈದರಾಬಾದ್ ಟಂಕಸಾಲೆಯ ನಕ್ಷತ್ರ. ಕಚ್ಚಿನ ಬಾಗು ಅಗಲ, ಇನ್ನೊಂದು ನಾಲ್ಕಾಣೆ ಅದರೊಳಗೆ ಒರಗಿ ಕೂತಿದೆ. ಪಕ್ಕದ ಅಕ್ಷರ ಕಚ್ಚಿನ ಕಡೆಗೆ ಕಾಲು ಚಾಚಿ ಮಾಸಿದೆ. ಎದುರು ಬದಿಯಲ್ಲಿ ಅಂಚು ಬೆರಳಗಲದಷ್ಟು ದೂರ ಕರಗಿ ಮತ್ತೆ ಮೇಲೆದ್ದಿದೆ. ನಾನು ಕುರ್ಚಿಯಿಂದ ಎದ್ದು ನಿಂತೆ.)

ನಾನು: ಅತ್ತೆ, ಇದು ಅಸಲಿ. ಪತ್ತಾರರಲ್ಲಿ ತೂಗಿಸಿ, 2.83ಕ್ಕಿಂತ ಕಡಿಮೆ ಬರುತ್ತದೆ. ಇದನ್ನು ನನಗೆ ಕೊಡಿ, ಐದು ನೂರು ಕೊಡುತ್ತೇನೆ.

ಕಾಕಾ: ಐದು ನೂರನ್ನು ನಾಲ್ಕು ಭಾಗ ಮಾಡಿದರೆ ನೂರಾ ಇಪ್ಪತ್ತೈದು. ನನ್ನದನ್ನು ಫೋನ್‌ಪೇ ಮಾಡು.

ಅತ್ತೆ: ದುಡ್ಡು ಬೇಡ, ಬಂದು ಒಯ್ಯಿ. ರೂಪಾಯಿ ಮಾತ್ರ ಕೊಡುವುದಿಲ್ಲ, ತಮ್ಮ ಅರಗು ತಂದು ಮತ್ತೆ ತಟ್ಟೆಗೆ ಅಂಟಿಸಿಕೊಡಲಿ. ಹಾಂ, ನಾಲ್ಕಾಣೆ ಬಹಳ ಕಪ್ಪಾಗಿತ್ತು. ನೀನು ಬೇಡ ಎಂದದ್ದು ನೆನಪಿತ್ತು, ಅದಕ್ಕೇ ಹುಣಸೆಹಣ್ಣು ಮುಟ್ಟಿಸಲಿಲ್ಲ. ಫೋಟೋ ತೆಗೆದ ಮೇಲೆ ಬರೀ ವಿಭೂತಿ ಹಚ್ಚಿ ಉಜ್ಜಿಟ್ಟಿದ್ದೇನೆ.